ಬಣ್ಣ ನೋಡಿ ಫೆದರ್ ಸ್ಟಾರ್ ಗುರುತಿಸಬಹುದಾ?

ಅಲೆಗಾರ:
ಮಾಲ್ಡೀವ್ಸ್‌ನ ಹವಳದಿಬ್ಬಗಳಲ್ಲಿ ಹದಿನೈದು ಮೀಟರ್ ಆಳದೊಳಗೆ ತೆಗೆದ ಫೆದರ್ ಸ್ಟಾರ್ (ಗರಿಯಂಥ ತೋಳುಗಳಿರುವ, ನಕ್ಷತ್ರಮೀನಿನ ಬಂಧುವಾದ ಕಡಲಪ್ರಾಣಿ) ಫೋಟೋಗಳು ಸುಮಾರು ಇವೆ. ಹಳದಿ, ಕಪ್ಪು, ಕೆಂಪು-ಬಿಳಿ ಪಟ್ಟೆ, ಹೀಗೆ ವಿಂಗಡಿಸಿಟ್ಟಿದ್ದೇನೆ. ಹೆಸರು ಹಾಕೋದಕ್ಕೆ ಇದು ಸಾಕಾ? ಇಲ್ಲಾಂದ್ರೆ ತೋಳು ಎಣಿಸಬೇಕಾ? ಪ್ರಾಣಿಯನ್ನು ಕಿತ್ತು ತರಲು ನನಗೆ ಇಷ್ಟವಿಲ್ಲ.

ಹವಳದ ಹುಚ್ಚಿ:
ಬಣ್ಣದ ವಿಂಗಡಣೆ ಬಿಟ್ಟುಬಿಡಿ ಸರ್. ಒಂದೇ ಪ್ರಭೇದ ಹಲವು ಬಣ್ಣದಲ್ಲಿ ಬರುತ್ತದೆ. ಆಲ್ಕೋಹಾಲಿನಲ್ಲಿಟ್ಟರೆ ಬಣ್ಣ ದ್ರವಕ್ಕೇ ಬಿಟ್ಟುಕೊಳ್ಳುತ್ತದೆ. ತೋಳಿನ ಎಣಿಕೆ ಉಪಯೋಗಕ್ಕೆ ಬರುತ್ತದೆ, ಆದರೆ ಅದೊಂದನ್ನೇ ನಂಬಬೇಡಿ. ಬಹಳ ತೋಳಿನ ಪ್ರಭೇದಗಳಿಗೂ ಮರಿಯಾಗಿದ್ದಾಗ ಹತ್ತೇ ತೋಳು ಇರುತ್ತವೆ. ಜೊತೆಗೆ, ಮುರಿದ ತೋಳು ಮತ್ತೆ ಬೆಳೆಯುತ್ತದೆ.

ನಾನು ಮೊದಲು ನೋಡೋದು ಬಾಯಿ ಎಲ್ಲಿದೆ ಅಂತ. ತೋಳುಗಳ ನಡುವಿನ ತಟ್ಟೆಯಲ್ಲಿ ಬಾಯಿ ಅಂಚಿಗೆ ಸರಿದು, ಮಲದ್ವಾರದ ಕೊಳವೆ ನಡುವಿಗೆ ಬಂದಿದ್ದರೆ ಅದು ಬಹುತೇಕ ಕಮ್ಯಾಟ್ಯುಲಿಡೇ ಕುಟುಂಬ. ಬಾಯಿಯ ಹತ್ತಿರದ ಪಿನ್ಯೂಲ್‌ಗಳ (ತೋಳಿನ ಎರಡೂ ಬದಿಗೆ ಗರಿಯ ಎಳೆಗಳಂತೆ ಇರುವ ಸಣ್ಣ ಕವಲುಗಳ) ತುದಿಯಲ್ಲಿ ಬಾಚಣಿಗೆಯಂಥ ಹಲ್ಲುಗಳಿದ್ದರೆ ಅನುಮಾನವೇ ಬೇಡ. ಉಳಿದ ಕುಟುಂಬಗಳಲ್ಲಿ ಬಾಯಿ ಸಾಮಾನ್ಯವಾಗಿ ನಡುವೆಯೇ ಇರುತ್ತದೆ. ಆಮೇಲೆ ಬುಡದ ಕೊಕ್ಕೆಕಾಲುಗಳು, ಅಂದರೆ ಸಿರಸ್‌ಗಳು. ಅವು ಎಷ್ಟಿವೆ, ಒಂದೊಂದರಲ್ಲಿ ಎಷ್ಟು ಗಂಟುಗಳಿವೆ, ಕೆಳಬದಿಯಲ್ಲಿ ಮುಳ್ಳಿದೆಯಾ? ಗಂಟಿಗೆ ಜೋಡಿ ಮುಳ್ಳು ಇಲ್ಲವೇ ಅಡ್ಡ ಏಣು ಇದ್ದರೆ ಕೊಲೊಬೊಮೆಟ್ರಿಡೇ ಕುಟುಂಬದ ಕಡೆ ಯೋಚಿಸಿ. ಕಮ್ಯಾಟ್ಯುಲಿಡೇಯಲ್ಲಿ ಕೆಲವು ಬೆಳೆದ ಮೇಲೆ ಸಿರಸ್‌ಗಳನ್ನೇ ಕಳೆದುಕೊಳ್ಳುತ್ತವೆ.

ತೋಳು ಕವಲೊಡೆಯುವಲ್ಲಿ, ಒಂದು ಕವಲಿನಿಂದ ಮುಂದಿನ ಕವಲಿಗೆ ಎರಡು ಮೂಳೆತುಂಡಾ, ನಾಲ್ಕಾ ಅಂತ ನೋಡಿ. ಇದನ್ನು ಫೋಟೋ ಮೇಲೆಯೇ ಎಣಿಸಬಹುದು, ಬುಡ ಸ್ಪಷ್ಟವಾಗಿ ಬಂದಿದ್ದರೆ ಮಾತ್ರ.

ರಾತ್ರಿ ಡೈವರ್:
ಸೇರಿಸುವುದೊಂದಿದೆ. ಲ್ಯಾಂಪ್ರೊಮೆಟ್ರಾ, ಸ್ಟೆಫಾನೊಮೆಟ್ರಾದಂಥ ಕುಲದ ಫೆದರ್ ಸ್ಟಾರ್‌ಗಳು ಹಗಲು ಬಿರುಕುಗಳಲ್ಲಿ ಮುದುಡಿಕೊಂಡಿರುವುದೇ ಜಾಸ್ತಿ. ಕತ್ತಲಾದ ಮೇಲೆ ಹೊರಬಂದು ತೋಳು ಬಿಚ್ಚುತ್ತವೆ. ಹಗಲಿನ ಫೋಟೋ ಮಾತ್ರ ಇಟ್ಟುಕೊಂಡರೆ ಇವು ಲೆಕ್ಕಕ್ಕೇ ಸಿಗಲ್ಲ. ಸ್ಟೆಫಾನೊಮೆಟ್ರಾದಲ್ಲಿ ಬಾಯಿಯ ಬಳಿಯ ಕೆಲವು ಪಿನ್ಯೂಲ್‌ಗಳು ಮುಳ್ಳಿನ ಹಾಗೆ ಗಡುಸಾಗಿರುತ್ತವೆ. ಲ್ಯಾಂಪ್ರೊಮೆಟ್ರಾದಲ್ಲಿ ಅವು ಉದ್ದವಾದರೂ ಬಳುಕುತ್ತವೆ.

ಅಲೆಗಾರ:
ಹಳೆಯ ಫೋಟೋಗಳಲ್ಲಿ ಬುಡ ಕಾಣೋದೇ ಇಲ್ಲ, ಎಲ್ಲಾ ಮೇಲಿನಿಂದ ತೆಗೆದವು. ಪುಸ್ತಕದಲ್ಲಿ ಆಕ್ಸಿಕೊಮ್ಯಾಂಥಸ್ ಬೆನೆಟ್ಟಿ ಅಂತ ಇರುವುದು ನನ್ನ ಹಳದಿಯದಕ್ಕೆ ಹೋಲುತ್ತದೆ. ಹೆಸರು ಹಾಕಿಬಿಡಲಾ?

ಹವಳದ ಹುಚ್ಚಿ:
ಹಾಕಬೇಡಿ. ಮೊದಲಿಗೆ, ಆ ಪ್ರಭೇದ ಈಗ ಅನೈಸಿಯಾ ಕುಲದಲ್ಲಿದೆ. 2014ರಲ್ಲಿ ಡಿಎನ್‌ಎ ಹೋಲಿಸಿ ಕಮ್ಯಾಟ್ಯುಲಿಡೇ ಕುಟುಂಬವನ್ನೇ ಮರುವಿಂಗಡಿಸಿದರು. ನಾವು ನಂಬಿದ್ದ ಕೆಲವು ಲಕ್ಷಣಗಳು ಬೇರೆ ಬೇರೆ ಗುಂಪುಗಳಲ್ಲಿ ಮತ್ತೆ ಮತ್ತೆ ಹುಟ್ಟಿವೆ ಅಂತ ಆಗ ಗೊತ್ತಾಯಿತು. ಅದಕ್ಕೇ ಬುಡ, ಬಾಯಿ, ಮೊದಲ ಪಿನ್ಯೂಲ್‌ಗಳು ಮೂರೂ ಕಾಣದ ಫೋಟೋಕ್ಕೆ ನಾನು ಕುಟುಂಬದ ಹೆಸರಷ್ಟೇ ಬರೆಯೋದು. ಕೆಲವಕ್ಕೆ ಅದೂ ಇಲ್ಲ. ಮುಂದಿನ ಸಲ ಬದಿಯಿಂದ, ಸಿರಸ್ ಹಿಡಿದಿರುವ ಜಾಗಕ್ಕೆ ಫೋಕಸ್ ಮಾಡಿ. ಪ್ರಾಣಿಯನ್ನು ಬಿಡಿಸಲು ಹೋಗಬೇಡಿ, ಎಳೆದರೆ ತೋಳು ಕಳಚಿಕೊಳ್ಳುತ್ತದೆ.