'ವಿಲ್ಲಾ'ಗೆ ಕನ್ನಡದಲ್ಲಿ ಏನನ್ನೋಣ? (ಗುರುವಾರದೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಹಿರಿಯರು ಇಟಲಿಗೆ ಹೊರಟಿದ್ದಾರೆ. ಅವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಮಾಡಿಕೊಡುತ್ತಿದ್ದೇನೆ. ಗುರುವಾರ ಅಚ್ಚಿಗೆ ಹೋಗಬೇಕು. ರೋಮ್‌ನಿಂದ ಸುಮಾರು 30 ಕಿ.ಮೀ. ದೂರದ ತೀವೊಲಿಯ 'ವಿಲ್ಲಾ ದೆಸ್ತೆ' ಪುಟದಲ್ಲಿ ಸಿಕ್ಕಿಕೊಂಡಿದ್ದೇನೆ.

'ವಿಲ್ಲಾ' ಅಂತಲೇ ಬರೆದು ತೋರಿಸಿದೆ. "ಸರ್ಜಾಪುರದ ಕಡೆ ಇಲ್ವಾ, ಒಂದೇ ಥರದ ಸಾಲುಮನೆ, ಗೇಟಲ್ಲಿ ವಾಚ್‌ಮನ್? ಅದನ್ನ ನೋಡೋಕೆ ಇಟಲಿಗಾ?" ಅಂದರು ನಮ್ಮ ಅತ್ತೆ. ಇದು ಅದಲ್ಲ. 1550ರಲ್ಲಿ ತೀವೊಲಿಯ ಗವರ್ನರ್ ಆಗಿ ಬಂದ ಕಾರ್ಡಿನಲ್ (ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು) ಎರಡನೇ ಇಪ್ಪೊಲಿತೊ ದೆಸ್ತೆ, ಒಂದು ಹಳೆಯ ಬೆನೆಡಿಕ್ಟೈನ್ ಮಠವನ್ನು ಅರಮನೆ ಮಾಡಿಸಿದ. ಅದರ ಕೆಳಗಿನ ಕಡಿದಾದ ಇಳಿಜಾರನ್ನೆಲ್ಲ ತೋಟ ಮಾಡಿಸಿದ. ಯೋಜನೆ ವಾಸ್ತುಶಿಲ್ಪಿ ಪಿರ್ರೊ ಲಿಗೋರಿಯೊನದು. ಜನ ಬರುವುದು ಜಾಸ್ತಿ ಆ ತೋಟ ನೋಡಲಿಕ್ಕೇ.

ಇನ್ನೊಂದು ಪದ 'ಜೋಕಿ ದಾಕ್ವಾ'. ಅಡಗಿಸಿಟ್ಟ ಕೊಳವೆಗಳಿಂದ ಅತಿಥಿಗಳ ಮೇಲೆ ಇದ್ದಕ್ಕಿದ್ದಂತೆ ನೀರು ಹಾರಿಸುವ ಏರ್ಪಾಡು. 'ಜಲಕ್ರೀಡೆ' ಸರಿಯಾ?

ಧಾರವಾಡದಿಂದ:
ತೋಟದ ಮನೆ. ಮುಗೀತು. ಲ್ಯಾಟಿನ್ನಿನ ವಿಲ್ಲಾ ಅಂದರೆ ಹೊಲಗದ್ದೆಯ ನಡುವಿನ ಮನೆಯೇ. ಇಂಗ್ಲಿಷಿನ ವಿಲೇಜ್ ಅಲ್ಲಿಂದಲೇ ಬಂತು. ವಿಲನ್ ಕೂಡ ಅಲ್ಲಿಯವನೇ. ಪಾಪ, ಮೊದಲು ಅವನು ಹೊಲದ ಆಳು.

ಮೈಸೂರಿನಿಂದ:
ಲ್ಯಾಟಿನ್ ಬೇರು ಕೈಪಿಡಿಯ ಓದುಗರಿಗೆ ಗೊತ್ತಿರುವುದಿಲ್ಲ ಸ್ವಾಮಿ. ಅವರಿಗೆ ತೋಟದ ಮನೆ ಅಂದರೆ ಪಂಪ್‌ಸೆಟ್ಟು, ಕೋಳಿ, ಅಂಗಳದಲ್ಲಿ ಒಣಹಾಕಿದ ಅಡಿಕೆ. ಕಾರ್ಡಿನಲ್ ಅಡಿಕೆ ಸುಲಿಸುತ್ತಿದ್ದನೇ? 'ಉದ್ಯಾನಗೃಹ' ಗೌರವವಾಗಿದೆ. ಭಾರ ಅನಿಸಿದರೆ 'ಬಂಗಲೆ' ಇದ್ದೇ ಇದೆ.

ಧಾರವಾಡದಿಂದ:
ಉದ್ಯಾನಗೃಹದಲ್ಲಿ ಯಾರೂ ಉಸಿರಾಡಲಾರರು. ಬಂಗಲೆ ಅಂದರೆ ಬಂಗಾಳದ ರೀತಿಯ ಮನೆ. ಅದನ್ನು ಇಟಲಿಗೆ ಸಾಗಿಸುವುದು ಯಾಕೆ? ನಮ್ಮದೇ ಪದ ಇರುವಾಗ ಸಾಲ ಬೇಡ.

ಮಂಗಳೂರಿನಿಂದ:
ಇಬ್ಬರೂ ಮನೆಗೆ ಅಂಟಿಕೊಂಡಿದ್ದೀರಿ. ಇಟಾಲಿಯನ್ನಿನಲ್ಲಿ ವಿಲ್ಲಾ ಅಂದರೆ ಬರೀ ಕಟ್ಟಡ ಅಲ್ಲ. ಮನೆ, ತೋಟ, ಕೊಳ ಎಲ್ಲ ಸೇರಿದ ಇಡೀ ಜಾಗ. ರೋಮ್‌ನ 'ವಿಲ್ಲಾ ಬೋರ್ಗೇಸೆ' ಈಗ ದೊಡ್ಡ ಪಾರ್ಕು. ಅದರೊಳಗಿನ ಕಟ್ಟಡಕ್ಕೆ ಹಳೆಯ ಹೆಸರು 'ಕಸೀನೊ', ಅಂದರೆ ಪುಟ್ಟ ಮನೆ. ನಾನೂ ಒಮ್ಮೆ ಇಂಥ ಕೈಪಿಡಿ ಮಾಡಿದ್ದೆ. ಕಂಪ್ಯೂಟರು ಅದನ್ನು 'ಜೂಜಿನ ಮನೆ' ಮಾಡಿಕೊಟ್ಟಿತ್ತು! ನಮ್ಮಲ್ಲೂ ಹೀಗೇ ಅಲ್ವಾ? ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನಲ್ಲಿ ನಾವು ನೋಡುವುದು ಅರಮನೆ. ಹೆಸರು ಮಾತ್ರ 'ಬಾಗ್', ತೋಟ.

ಧಾರವಾಡದಿಂದ:
ಬಾಗ್ ಪಾರಸಿ. ಇನ್ನೊಂದು ಸಾಲ.

ಮಂಗಳೂರಿನಿಂದ:
ಕುರ್ಚಿ ಅರಬ್ಬಿ, ಚಾವಿ ಪೋರ್ಚುಗೀಸ್. ಚಾವಿ ತಿರುವಿ ಬಾಗಿಲು ತೆಗೆದು, ಕುರ್ಚಿಯಲ್ಲಿ ಕೂತು ತಾನೇ ಇದನ್ನು ಬರೆದದ್ದು? ಕೇಳಿದವರಿಗೆ ಗುರುವಾರದ ಗಡುವಿದೆ. ಹೆಸರನ್ನು 'ವಿಲ್ಲಾ ದೆಸ್ತೆ' ಅಂತಲೇ ಬಿಡಿ. ವಿವರಿಸುವಾಗ 'ತೋಟದ ಅರಮನೆ' ಅನ್ನಿ.

'ಜಲಕ್ರೀಡೆ' ಬೇಡ. ಅದು ಜನ ನೀರಲ್ಲಿ ಆಡುವುದು. ಅಲ್ಲಿ ನೀರೇ ಜನರನ್ನು ಆಡಿಸುತ್ತದೆ. 'ನೀರಿನ ಕೀಟಲೆ' ಅನ್ನಬಹುದು.

ಧಾರವಾಡದಿಂದ:
ಕೀಟಲೆ ಚೆನ್ನಾಗಿದೆ, ಒಪ್ಪಿದೆ. ಆದರೆ ಕಾರಂಜಿ ಅಂತ ಬರೆಯಬೇಡಿ. ಅದು ಮರಾಠಿಯ ಕಾರಂಜೆ. ಚಿಲುಮೆ ಅನ್ನಿ.

ಮೈಸೂರಿನಿಂದ:
ನೀರು ಕಾರುವುದರಿಂದ ಕಾರಂಜಿ. ಅಚ್ಚಗನ್ನಡ. ನಮ್ಮೂರಲ್ಲಿ ಕಾರಂಜಿ ಕೆರೆಯೇ ಇದೆ.

ಧಾರವಾಡದಿಂದ:
'ಕಾರು' ಸರಿ. 'ಅಂಜಿ' ಎಲ್ಲಿಂದ ಬಂತು? ನೀರು ಅಂಜಿತೇ?

ಕೇಳಿದವರು:
ಜಗಳ ಬೇಡ, ದಯವಿಟ್ಟು. ಚಿಲುಮೆ ಅಂದರೆ ನೆಲದಿಂದ ತಾನಾಗಿ ಉಕ್ಕುವ ನೀರು. ಇಲ್ಲಿ ತಾನಾಗಿ ಆಗುವುದು ಏನೂ ಇಲ್ಲ. ಅನಿಯೆನೆ ನದಿಯ ನೀರನ್ನು ಊರಿನ ಅಡಿಯಲ್ಲಿ ಕೊರೆದ ಕಾಲುವೆಯಿಂದ ತಂದಿದ್ದಾರೆ. ಎತ್ತರದಿಂದ ಇಳಿಯುವ ಒತ್ತಡದಲ್ಲೇ ಅದು ಚಿಮ್ಮುತ್ತದೆ. ಒಂದು ಪಂಪೂ ಇಲ್ಲ. ಬೀಳುವ ನೀರು ಗಾಳಿಯನ್ನು ಒತ್ತಿ ಆರ್ಗನ್ ಎಂಬ ಕೊಳವೆವಾದ್ಯ ನುಡಿಸುತ್ತದೆ. ಇನ್ನೊಂದು ಕಡೆ ನೀರಿನ ಬಲದಿಂದಲೇ ಲೋಹದ ಹಕ್ಕಿಗಳು ಹಾಡುತ್ತಿದ್ದವಂತೆ, ಯಂತ್ರದ ಗೂಬೆ ತಿರುಗಿದರೆ ಸುಮ್ಮನಾಗುತ್ತಿದ್ದವಂತೆ. ಇಷ್ಟೆಲ್ಲ ಚಮತ್ಕಾರಕ್ಕೆ ಚಿಲುಮೆ ಸಾಲದು. ಯಾವ ಭಾಷೆಯದಾದರೂ ಸರಿ, ಕಾರಂಜಿ ಹಾಕಿದೆ. ಮೂರು ಸಾಲಾಗಿ ನೀರು ಸುರಿಯುವ ಹಾದಿಗೆ 'ನೂರು ಕಾರಂಜಿ' ಅಂತಲೇ ಬರೆದೆ.

'ತೋಟದ ಅರಮನೆ', 'ನೀರಿನ ಕೀಟಲೆ' ಎರಡೂ ಅತ್ತೆಗೆ ಹಿಡಿಸಿದವು. ಆದರೆ 'ಟೆರೇಸ್ ಗಾರ್ಡನ್' ಓದಿ "ಮಾಳಿಗೆ ಮೇಲಿನ ಕುಂಡಗಳಾ?" ಅಂದರು. ಇಳಿಜಾರನ್ನು ಹಂತಹಂತವಾಗಿ ಕಡಿದ ತೋಟ ಅದು. 'ಮೆಟ್ಟಿಲುತೋಟ' ಅಂತ ತಿದ್ದಿದೆ. ಮಂಡಿನೋವಿನವರಿಗೆ ಒಂದು ಎಚ್ಚರಿಕೆಯೂ ಸೇರಿಸಿದೆ. ಕಾರ್ಡಿನಲ್‌ನ ಅತಿಥಿಗಳು ಕೆಳಗಿನ ಬಾಗಿಲಿಂದ ಬರುತ್ತಿದ್ದರು. ಈಗ ಮೇಲಿಂದ ಹೋಗುತ್ತೇವೆ. ಇಳಿಯುವುದು ಸುಲಭ, ವಾಪಸ್ ಹತ್ತಲೇಬೇಕು.

ಎಲ್ಲರಿಗೂ ಧನ್ಯವಾದ. ಅಚ್ಚಿಗೆ ಕೊಟ್ಟಾಯಿತು.

ಧಾರವಾಡದಿಂದ:
ಹೂದೋಟ ಅನ್ನುತ್ತೀರಲ್ಲ, ಹೂತೋಟ ಅಲ್ಲ. ಹಾಗೇ ಮೆಟ್ಟಿಲುದೋಟ. ಅಚ್ಚಿನವರಿಗೆ ಫೋನ್ ಮಾಡಿ.