ಅಪ್‌ಡೇಟ್: ಥೆರಪಿಗೆ ಹೋದೆ, ಆರು ಭೇಟಿ ಮುಗಿದಿವೆ

ಅಪಘಾತವಾಗಿ ಎರಡು ವರ್ಷವಾದರೂ ಬ್ರೇಕ್ ಸದ್ದಿಗೆ ಮೈ ಬೆವರುತ್ತದೆ, ಥೆರಪಿಗೆ ಹೋದರೆ ಮೊದಲ ದಿನವೇ ಎಲ್ಲಾ ಬಿಡಿಸಿ ಹೇಳಬೇಕಾ ಅಂತ ಕೇಳಿದ್ದೆನಲ್ಲ. ಇಲ್ಲ, ಹೇಳಬೇಕಾಗಿರಲಿಲ್ಲ.

ಮೊದಲ ದಿನ ಸೈಕಾಲಜಿಸ್ಟ್ ನಿದ್ದೆ ಹೇಗಿದೆ, ಸಾಯಬೇಕು ಅನ್ನಿಸುತ್ತದಾ ಅಂತೆಲ್ಲ ನಿಧಾನವಾಗಿ ಕೇಳಿದರು. ಆಘಾತದ ನಂತರ ಉಳಿದುಕೊಳ್ಳುವ ತೊಂದರೆ (ಪಿಟಿಎಸ್‌ಡಿ) ಎಷ್ಟಿದೆ ಅಂತ ಅಳೆಯುವ, ಪಿಸಿಎಲ್-5 ಅನ್ನುವ 20 ಪ್ರಶ್ನೆಗಳ ಹಾಳೆ ತುಂಬಿಸಿದರು. 80ಕ್ಕೆ 52 ಬಂತು, ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು ಅಂತ. ನೀವು ಕೆಲವರು ಹೇಳಿದ್ದ ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ಕೆಟ್ಟ ನೆನಪನ್ನು ಎದುರಿಸುವ ಥೆರಪಿ) ಬಗ್ಗೆಯೂ ಕೇಳಿದೆ. ಅದೂ ಒಳ್ಳೆಯದೇ ಅಂದರು. ಮಾತಾಡಿಕೊಂಡು ಕೊನೆಗೆ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ (ಆದದ್ದರ ಬಗ್ಗೆ ಮನಸ್ಸಲ್ಲಿ ಕೂತ ಯೋಚನೆಗಳು ಸರಿಯಾ ಅಂತ ಪರೀಕ್ಷಿಸಿ ನೋಡುವ ಥೆರಪಿ) ಆರಿಸಿಕೊಂಡೆವು. ಸಾಮಾನ್ಯವಾಗಿ 12 ಭೇಟಿ.

ಇದರಲ್ಲಿ ಅಪಘಾತದ ವಿವರ ಬರೆಯಲೇಬೇಕು ಅಂತಿಲ್ಲ. 'ಅದು ಯಾಕಾಯ್ತು ಅಂತ ನಿಮಗನ್ನಿಸುತ್ತದೆ?' ಅನ್ನೋದಕ್ಕೆ ಒಂದು ಪುಟ ಬರೆಯಬೇಕು. ನಾನು ಬರೆದದ್ದು: 'ನಾನು ಆ ರಸ್ತೆ ಹಿಡಿದೆ, ಅದಕ್ಕೇ ತಂಗಿಗೆ ಪೆಟ್ಟಾಯ್ತು.' ಅವರು ಆ ಸಾಲಿನ ಕೆಳಗೆ ಗೆರೆ ಎಳೆದು, "ಆ ತಿರುವಿನಲ್ಲಿ ನಿಮಗೆ ಏನೇನು ಗೊತ್ತಿತ್ತು?" ಅಂದರು. ಏನೂ ಗೊತ್ತಿರಲಿಲ್ಲ. ಎದುರಿಂದ ಲಾರಿ ಬರುತ್ತದೆ ಅಂತ ಹೇಗೆ ಗೊತ್ತಿರುತ್ತೆ? ಪೆನ್ನಿನ ಮುಚ್ಚಳ ತಿರುಗಿಸುತ್ತಾ ಎಷ್ಟೋ ಹೊತ್ತು ಸುಮ್ನೆ ಕೂತೆ. ಆಮೇಲೆ ಅತ್ತೆ.

ಮೂರನೇ ವಾರ ಕೆಟ್ಟ ಕನಸು ಜಾಸ್ತಿಯಾಯ್ತು. ಹಾಗಾಗಬಹುದು ಅಂತ ಮೊದಲೇ ಹೇಳಿದ್ದರು, ಇಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಈ ವಾರ ಅದೇ ಹಾಳೆಯಲ್ಲಿ 39 ಬಂದಿದೆ. ಬ್ರೇಕ್ ಸದ್ದಿಗೆ ಈಗಲೂ ಬೆಚ್ಚುತ್ತೇನೆ, ಆದರೆ ಬೇಗ ಸುಧಾರಿಸಿಕೊಳ್ಳುತ್ತೇನೆ.

ಆ ಪುಟವನ್ನು ತಂಗಿಗೆ ಇನ್ನೂ ತೋರಿಸಿಲ್ಲ. ಭಾನುವಾರ ತೋರಿಸಬೇಕು ಅಂದುಕೊಂಡಿದ್ದೇನೆ.