ನೆರೆ ಬರುವ ಜಾಗಕ್ಕೆ ಪ್ಲಾಟ್ ಪರ್ಮಿಟ್: ನಕ್ಷೆ, ಲೆವೆಲ್, ಫೈಲ್ ಹೇಗೆ ಕೊಟ್ಟಿರಿ?

ಪ್ರಶ್ನೆ, ಕುಂಬಳೆ ಸೀಮೆಯಿಂದ (ಕೇರಳದ ಕಾಸರಗೋಡು ಜಿಲ್ಲೆ):

ಶಿರಿಯ ಹೊಳೆ ಕರೆಯಲ್ಲಿ ನಮ್ಮದು ಎರಡೂವರೆ ಎಕ್ರೆ ಜಾಗ ಉಂಟು. ಮೇಲಿನದ್ದು ಗುಡ್ಡೆ ಬದಿ, ನಡುವೆ ಅಡಕೆ ತೋಟ, ಕೆಳಗೆ ಹಡಿಲು ಬಿದ್ದ ಗದ್ದೆ. ಗುಡ್ಡೆ ಬದಿಯನ್ನು ಮನೆ ಪ್ಲಾಟ್ ಮಾಡುವ ಅಂತ ಅಣ್ಣತಮ್ಮಂದಿರು ಹೊರಟಿದ್ದೇವೆ. ಪರ್ಮಿಟ್ ಅರ್ಜಿಗೆ ಕಂಟೂರ್ ನಕ್ಷೆ (ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಸೇರಿಸಿದ್ದು) ಮತ್ತು ನೆರೆ ಮಟ್ಟ ತೋರಿಸುವ ನಕ್ಷೆ ಬೇಕೆಂದರು. ಸರ್ವೆಯವರಿಂದ ಮಾಡಿಸಿ ಕೊಟ್ಟೆವು. "ಲೆವೆಲಿನ ಆಧಾರ ಸ್ಪಷ್ಟವಿಲ್ಲ, ನೆರೆ ವ್ಯಾಪ್ತಿಗೆ ದಾಖಲೆ ಇಲ್ಲ" ಎಂದು ಬರೆದು ವಾಪಸ್ ಬಂತು. ಇಂಥದ್ದು ಮಾಡಿಸಿದವರು ಇದ್ದರೆ ಏನು ಕೊಟ್ಟಿರಿ, ಯಾರಿಗೆ ಕೊಟ್ಟಿರಿ, ತಿಳಿಸಿ.

ಸರ್ವೆ ಕೆಲಸ ಮಾಡುವವರು, ಉಪ್ಪಳ:

ವಾಪಸ್ ಬಂದದ್ದಕ್ಕೆ ಬೇಜಾರು ಬೇಡ, ಏನು ಬೇಕೆಂದು ಅವರೇ ಬರೆದುಕೊಟ್ಟಿದ್ದಾರೆ. ನಿಮ್ಮ ಡ್ರಾಯಿಂಗಿನಲ್ಲಿ ಬಿ.ಎಂ. (ಬೆಂಚ್ ಮಾರ್ಕ್, ಲೆವೆಲ್ ಶುರುಮಾಡುವ ಗುರುತು) ಎಂದು ಹಾಕಿದ ಜಾಗ ನೋಡಿ. 100.000 ಎಂದಿದ್ದರೆ ಅದು ಊಹೆಯ ಲೆವೆಲ್. ಗೇಟಿನ ಕಲ್ಲನ್ನೋ ಬಾವಿಕಟ್ಟೆಯನ್ನೋ ನೂರು ಅಂತ ಇಟ್ಟುಕೊಂಡು ಉಳಿದದ್ದನ್ನು ಅಳೆದಿರುತ್ತಾರೆ. ಮನೆ ಕಟ್ಟಲಿಕ್ಕೆ ಅದು ಧಾರಾಳ. ಆದರೆ ಹೊಳೆಯ ನೀರು ನಿಮ್ಮ ಬಾವಿಕಟ್ಟೆಯನ್ನು ನೋಡಿ ಏರುವುದಿಲ್ಲ. ಬೇರೆ ಕಡೆ ಅಳೆದ ನೀರಿನ ಮಟ್ಟ ಸಮುದ್ರ ಮಟ್ಟದ ಲೆಕ್ಕದಲ್ಲಿದ್ದು, ನಿಮ್ಮ ಜಾಗ ಬಾವಿಕಟ್ಟೆಯ ಲೆಕ್ಕದಲ್ಲಿದ್ದರೆ ಎರಡನ್ನೂ ಒಂದೇ ಹಾಳೆಗೆ ತರಲಾಗುವುದಿಲ್ಲ.

ಇನ್ನು ಕೆಲವರ ಫೈಲಿನಲ್ಲಿ ಗದ್ದೆಯ ಎತ್ತರ ಮೈನಸ್ ಎಂಬತ್ತು ಚಿಲ್ಲರೆ ಎಂದು ಬಂದಿರುತ್ತದೆ. ಅದನ್ನು ನೋಡಿ ಯಂತ್ರ ಹಾಳಾಗಿದೆ ಅಂತ ತಿಳಿಯುವುದು ಬೇಡ. ಉಪಗ್ರಹದಿಂದ ಅಳೆಯುವ ಜಿ.ಎನ್.ಎಸ್.ಎಸ್. ಯಂತ್ರ ಎತ್ತರವನ್ನು ಹೇಳುವುದು ಭೂಮಿಯ ಗಣಿತದ ಮೈಯಿಂದ, ಅಂದರೆ ಎಲಿಪ್ಸಾಯ್ಡ್‌ನಿಂದ. ನಮ್ಮ ಕರಾವಳಿಯಲ್ಲಿ ನಿಜವಾದ ಸಮುದ್ರ ಮಟ್ಟ ಅದಕ್ಕಿಂತ ಎಂಬತ್ತು ಮೀಟರಿಗೂ ಹೆಚ್ಚು ಕೆಳಗೆ ಉಂಟು. ಈ ವ್ಯತ್ಯಾಸ ಎಲ್ಲಿ ಎಷ್ಟು ಎಂದು ಹೇಳುವ ಜಿಯಾಯ್ಡ್ ಮಾದರಿ ಹಾಕಿ ಸರಿಮಾಡಬೇಕು, ಆಮೇಲೆ ಹತ್ತಿರದ ಸರ್ವೆ ಆಫ್ ಇಂಡಿಯಾ ಬೆಂಚ್ ಮಾರ್ಕಿಗೋ ಲೋಕೋಪಯೋಗಿ ಇಲಾಖೆಯ ಸೇತುವೆ ಡ್ರಾಯಿಂಗಿನ ಲೆವೆಲಿಗೋ ಆಟೋ ಲೆವೆಲ್ (ಎತ್ತರ ಅಳೆಯುವ ದುರ್ಬೀನು) ಹಿಡಿದು ತಾಳೆ ನೋಡಬೇಕು. ಹೋದ ದಾರಿಯಲ್ಲೇ ಹಿಂದೆ ಅಳೆದು ಬಂದು ವ್ಯತ್ಯಾಸ ಎಷ್ಟು ಬಂತು ಎಂಬುದನ್ನು ನಕ್ಷೆಯಲ್ಲೇ ಬರೆಸಿ. ಈ ಒಂದು ಸಾಲು ಇದ್ದರೆ ಎಂಜಿನಿಯರ್ ಫೈಲನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಅಡ್ಡ ಅಳತೆಯದ್ದು ನಮ್ಮೂರಲ್ಲಿ ಒಂದು ಚೋದ್ಯ ಉಂಟು. 75 ಡಿಗ್ರಿ ಪೂರ್ವ ರೇಖಾಂಶ ಕಾಸರಗೋಡು ಪೇಟೆಯ ಹತ್ತಿರದಲ್ಲೇ ಹಾದುಹೋಗುತ್ತದೆ. ಭೂಮಿಯನ್ನು ಪಟ್ಟಿ ಪಟ್ಟಿಯಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯು.ಟಿ.ಎಂ. ಪದ್ಧತಿಯಲ್ಲಿ 43ನೇ ವಲಯದ ನಡುಗೆರೆ ಅದೇ. ಹಾಗಾಗಿ ನಮ್ಮ ಈಸ್ಟಿಂಗ್ (ಪೂರ್ವ ದಿಕ್ಕಿನ) ಅಂಕಿಗಳೆಲ್ಲ ಐದು ಲಕ್ಷದ ಆಚೀಚೆ ಇರಬೇಕು. ನಿಮ್ಮದರಲ್ಲಿ ಬೇರೆ ಏನೋ ಇದ್ದರೆ ವಲಯ ತಪ್ಪಿದೆ, ಇಲ್ಲವೇ ಸ್ಥಳೀಯ ನಿರ್ದೇಶಾಂಕ. ನಡುಗೆರೆಯ ಮೇಲೆ ಅಳತೆ ಸಾವಿರ ಮೀಟರಿಗೆ ನಲವತ್ತು ಸೆಂಟಿಮೀಟರ್ ಕಡಿಮೆ ಕಾಣುತ್ತದೆ, ಅದು ಆ ಪದ್ಧತಿಯ ಗುಣ. ಎರಡೂವರೆ ಎಕ್ರೆಯಲ್ಲಿ ಸೆಂಟ್ಸಿನ ಐದನೇ ಒಂದು ಪಾಲು. ಆಧಾರ ಪತ್ರದ (ದಸ್ತಾವೇಜಿನ) ವಿಸ್ತೀರ್ಣಕ್ಕಿಂತ ನಕ್ಷೆಯದ್ದು ಕೂದಲೆಳೆ ಕಡಿಮೆ ಬಂತು ಎಂದು ಅಣ್ಣತಮ್ಮಂದಿರೊಳಗೆ ಜಗಳ ಬೇಡ.

ಈಗ ಮುಖ್ಯ ವಿಷಯ. ಯಾರಾದರೂ ಕಂಪ್ಯೂಟರಿನಲ್ಲೇ ಕೂತು, ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುವ ಎಸ್.ಆರ್.ಟಿ.ಎಂ. ಎತ್ತರದ ಡಾಟಾದಿಂದ ಕಂಟೂರ್ ಎಳೆದುಕೊಟ್ಟಿದ್ದರೆ ಅದನ್ನು ಬಿಟ್ಟುಬಿಡಿ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಕಿ ಅಳೆದದ್ದು, ಒಂದೊಂದು ಚೌಕ ಮೂವತ್ತು ಮೀಟರಿನದ್ದು. ಆ ರೇಡಾರ್ ಅಡಕೆ ತೋಟದಲ್ಲಿ ನೆಲದವರೆಗೆ ಇಳಿಯುವುದಿಲ್ಲ, ಮರದ ತಲೆಯ ಹತ್ತಿರದ ಎತ್ತರವನ್ನೇ ನೆಲ ಎಂದು ಹೇಳುತ್ತದೆ. ಹೊಳೆ ಕರೆಯ ತೋಟ ಗುಡ್ಡೆಯಂತೆ ಎದ್ದು ನಿಲ್ಲುತ್ತದೆ, ಹಿಂದಿನ ಗದ್ದೆ ಗುಂಡಿಯಂತೆ ಕಾಣುತ್ತದೆ, ನೆರೆ ಗೆರೆ ತೋಟವನ್ನು ಸುತ್ತುಬಳಸಿ ಹೋಗುತ್ತದೆ. ಕಾಸರಗೋಡಿನಲ್ಲಿ ಬೆಳೆದವರು ಯಾರೂ ಆ ನಕ್ಷೆಯನ್ನು ನಂಬಲಿಕ್ಕಿಲ್ಲ.

ಬದಿಯಡ್ಕ ಕಡೆಯ ಕೃಷಿಕ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಅದಕ್ಕೂ ಮೊದಲು ಕೃಷಿಭವನಕ್ಕೆ ಹೋಗಿ ಡಾಟಾ ಬ್ಯಾಂಕ್, ಅಂದರೆ ಗದ್ದೆ ಮತ್ತು ಜೌಗು ಜಾಗದ ಪಟ್ಟಿ ನೋಡಿ. ಕೇರಳದ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾನೂನು 2008ರ ಆಗಸ್ಟ್ 12ರಿಂದ ಜಾರಿಯಲ್ಲಿದೆ. ನಿಮ್ಮ ಸರ್ವೆ ನಂಬರ್ ಆ ಪಟ್ಟಿಯಲ್ಲಿದ್ದರೆ ನೆರೆ ನಕ್ಷೆ ಎಷ್ಟು ಚಂದ ಇದ್ದರೂ ಉಪಯೋಗ ಇಲ್ಲ. ತಪ್ಪಾಗಿ ಸೇರಿದ್ದರೆ ತೆಗೆಸಲಿಕ್ಕೆ ಫಾರ್ಮ್ 5. ಪಟ್ಟಿಯಲ್ಲಿಲ್ಲ, ಆದರೆ ದಾಖಲೆಯಲ್ಲಿ ನಂಜ (ಗದ್ದೆ ಜಾಗ) ಎಂದೇ ಉಂಟು, ಅದನ್ನು ಬೇರೆ ಉಪಯೋಗಕ್ಕೆ ಬದಲಿಸಬೇಕು ಅಂತಾದರೆ ಐವತ್ತು ಸೆಂಟ್ಸಿನವರೆಗೆ ಫಾರ್ಮ್ 6, ಮೇಲಿನದ್ದಕ್ಕೆ ಫಾರ್ಮ್ 7. ತೀರ್ಮಾನ ಆರ್.ಡಿ.ಓ. (ಕಂದಾಯ ವಿಭಾಗಾಧಿಕಾರಿ) ಅಥವಾ ಅಧಿಕಾರ ಪಡೆದ ಡೆಪ್ಯೂಟಿ ಕಲೆಕ್ಟರದ್ದು.

ಫಾರ್ಮ್ 5ರಲ್ಲಿ ನಾನು ಕಂಡ ಹಾಗೆ ನಿಜವಾದ ಸಾಕ್ಷಿ ರಾಜ್ಯದ ದೂರಸಂವೇದಿ ಕೇಂದ್ರದ ವರದಿ. ಕಾನೂನು ಬಂದ ಹೊತ್ತಿನ ಉಪಗ್ರಹ ಚಿತ್ರ ತೆಗೆದು ಆಗ ಅಲ್ಲಿ ಮರ ಇತ್ತೋ ಗದ್ದೆ ಇತ್ತೋ ನೋಡುತ್ತಾರೆ. ನಮ್ಮ ಪಕ್ಕದವರ ತೋಟದಲ್ಲಿ ಹಳೆಯ ತೆಂಗಿನ ಸಾಲು ಆ ಚಿತ್ರದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು, ಅದರಿಂದಲೇ ಕೆಲಸ ಆಯಿತು. ನಿಮ್ಮ ಹಡಿಲು ಗದ್ದೆಯ ಬಗ್ಗೆ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಬೇಸಾಯ ಬಿಟ್ಟ ಮಾತ್ರಕ್ಕೆ ಗದ್ದೆ ಗದ್ದೆಯಲ್ಲದೆ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು:

ಗದ್ದೆ ಮುಟ್ಟುವ ಯೋಚನೆ ಇಲ್ಲ. ಗುಡ್ಡೆ ಬದಿ, ತೋಟದ ಮೇಲಿನ ಅಂಚು ಅಷ್ಟೇ. ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಜಿಲ್ಲಾ ನೆರೆ ನಕ್ಷೆ ಉಂಟಲ್ಲ, ಅದನ್ನೇ ದಾಖಲೆ ಅಂತ ಲಗತ್ತಿಸಿದರೆ ಆಗುತ್ತದಾ?

ನೀರಾವರಿ ಕೆಲಸದಲ್ಲಿದ್ದವರು, ಈಗ ನಿವೃತ್ತ:

ಲಗತ್ತಿಸಿ, ಆದರೆ ಅದೊಂದೇ ಸಾಲದು. ಅದು ಇಡೀ ಜಿಲ್ಲೆಯನ್ನು ಒಂದು ಹಾಳೆಯಲ್ಲಿ ತೋರಿಸುವ ನಕ್ಷೆ. ಅದರಲ್ಲಿ ನಿಮ್ಮ ಎರಡೂವರೆ ಎಕ್ರೆ ಪೆನ್ಸಿಲಿನ ಮೊನೆಯಷ್ಟೂ ಇಲ್ಲ. ಈ ಹೊಳೆಕರೆಯಲ್ಲಿ ನೆರೆಯ ವಿಚಾರ ಕೇಳಲೇಬೇಕು ಎಂದು ಅದು ಹೇಳುತ್ತದೆ. ನೀರು ನಿಮ್ಮ ಯಾವ ಕಟ್ಟಪುಣಿಯವರೆಗೆ ಬರುತ್ತದೆ ಎಂಬುದನ್ನು ನೀವೇ ತೋರಿಸಬೇಕು.

ನೆರೆ ಬಯಲಿಗೆ ಅಂತಲೇ ಒಂದು ಕಚೇರಿ, ಒಂದು ಕಿಟಕಿ ಹುಡುಕಬೇಡಿ. ಕೇಂದ್ರ ಜಲ ಆಯೋಗ 1975ರಲ್ಲೇ ನೆರೆ ಬಯಲು ವಲಯೀಕರಣದ ಮಾದರಿ ಮಸೂದೆಯನ್ನು ಎಲ್ಲ ರಾಜ್ಯಗಳಿಗೂ ಕಳುಹಿಸಿತ್ತು. ಮಣಿಪುರ, ರಾಜಸ್ಥಾನದಂಥ ಕೆಲವೇ ಕಡೆ ಅದು ಕಾನೂನಾಯಿತು. ಇಲ್ಲಿ ಒಂದೇ ನಕ್ಷೆ ಬೇರೆ ಬೇರೆ ಮೇಜಿಗೆ ಹೋಗುತ್ತದೆ. ಪಂಚಾಯತಿನ ಎಂಜಿನಿಯರ್ ಪಂಚಾಯತ್ ಕಟ್ಟಡ ನಿಯಮ 2019ರ ಪ್ರಕಾರ ನೋಡುತ್ತಾರೆ. ಪ್ಲಾಟು ಹೆಚ್ಚಿದ್ದರೆ ಜಿಲ್ಲಾ ನಗರ ಯೋಜಕರು. ಹೊಳೆಗೆ ಉಬ್ಬರದ ನೀರು ಬರುವ ಭಾಗವಾದರೆ ಕರಾವಳಿ ನಿಯಂತ್ರಣ ವಲಯದ ನಕ್ಷೆ ಬೇರೆಯೇ ನೋಡಬೇಕು. 2019ರ ಅಧಿಸೂಚನೆಯ ಪ್ರಕಾರ ಅಂಥ ಹೊಳೆಯ ಕರೆಯಲ್ಲಿ ಐವತ್ತು ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಉಬ್ಬರ ಎಲ್ಲಿಯವರೆಗೆ ಎಂಬುದಕ್ಕೆ ಬೇಸಗೆಯ ಉಪ್ಪಿನ ಅಂಶವೇ ಅಳತೆ, ಸಾವಿರಕ್ಕೆ ಐದು ಪಾಲು. ಎಲ್ಲ ಮೇಜಿಗೂ ಒಂದೇ ಲೆವೆಲಿನ, ಒಂದೇ ದಿನಾಂಕದ ನಕ್ಷೆ ಹೋಗಲಿ. ಒಂದೊಂದು ಕಚೇರಿಗೆ ಒಂದೊಂದು ನಕ್ಷೆ ಮಾಡಿಸಿದರೆ ಅವು ಒಂದಕ್ಕೊಂದು ಜಗಳ ಮಾಡುತ್ತವೆ.

ನೆರೆ ಗೆರೆಗೆ ಆಧಾರ ಎಲ್ಲಿಂದ? ನೀರಾವರಿ ಇಲಾಖೆಯ ಎಚ್ಚರಿಕೆ ಪಟ್ಟಿಯಲ್ಲಿ ಶಿರಿಯಕ್ಕೆ ಪುತ್ತಿಗೆ, ಮೊಗ್ರಾಲಿಗೆ ಮಧೂರು, ಉಪ್ಪಳ ಹೊಳೆಗೆ ಉಪ್ಪಳ ಎಂದು ಮಾಪನ ಕೇಂದ್ರದ ಹೆಸರು ಬರುತ್ತದಲ್ಲ, ಆ ಕೇಂದ್ರದ ಮಟ್ಟದ ದಾಖಲೆಗೆ ಬರಹದಲ್ಲಿ ಅರ್ಜಿ ಕೊಡಿ. ಕೆಲವರು ಇಂಟರ್‌ನೆಟ್‌ನಲ್ಲಿ ಸಿಕ್ಕಿತು ಅಂತ ಎರಿಂಜಿಪುಳದ ಕೇಂದ್ರ ಜಲ ಆಯೋಗದ ಅಂಕಿಗಳನ್ನು ತಂದು ಹಾಕುತ್ತಾರೆ. ಅದು ಚಂದ್ರಗಿರಿಗೆ ಸೇರುವ ಪಯಸ್ವಿನಿಯದ್ದು. ಅದರ ನೀರು ಕೊಡಗಿನ ಘಟ್ಟದಿಂದ ಸುಳ್ಯ ದಾಟಿ ಬರುವುದು, ಮಡಿಕೇರಿಯಲ್ಲಿ ಹೊಡೆದ ಮಳೆ ಚಂದ್ರಗಿರಿಯಲ್ಲಿ ಕಾಣುತ್ತದೆ. ಶಿರಿಯಕ್ಕೆ ಆ ಲೆಕ್ಕ ಒಗ್ಗುವುದಿಲ್ಲ.

ಎಲ್ಲಕ್ಕಿಂತ ಗಟ್ಟಿ ದಾಖಲೆ ನಿಮ್ಮ ಜಾಗದಲ್ಲೇ ಉಂಟು. ಹೊಳೆ ಬದಿಯ ಪಂಪ್‌ಶೆಡ್ಡಿನ ಗೋಡೆ ನೋಡಿ. ಸುಣ್ಣದ ಮೇಲೆ ಕೆಸರಿನ ಗೆರೆ ಇರುತ್ತದೆ, ಕೆಳಗೆ ದಪ್ಪ, ಮೇಲೆ ಹೋಗುತ್ತಾ ತೆಳು. ಎಲ್ಲಕ್ಕಿಂತ ಮೇಲಿನದ್ದು ಕೆಲವೊಮ್ಮೆ ಹೊರಗೋಡೆಯಲ್ಲಿ ಮಳೆಗೆ ತೊಳೆದು ಹೋಗಿ ಒಳಗೋಡೆಯಲ್ಲಿ, ಸ್ವಿಚ್ ಬೋರ್ಡಿನ ಹಿಂದೆ ಮಾತ್ರ ಉಳಿದಿರುತ್ತದೆ. ಅಲ್ಲಿ ಮೊಳೆ ಹೊಡೆದು, ಪಕ್ಕದಲ್ಲಿ ಸ್ಟಾಫ್ (ಅಳತೆಯ ಕೋಲು) ನಿಲ್ಲಿಸಿ ಫೋಟೋ ತೆಗೆಯಿರಿ, ಸರ್ವೆಯವರಿಂದ ಆ ಮೊಳೆಗೆ ಲೆವೆಲ್ ತೆಗೆಸಿ. ಇಂಥ ಗುರುತು ನಿಮ್ಮಲ್ಲೊಂದು, ಮೇಲಿನ ನೆರೆಮನೆಯಲ್ಲೊಂದು, ಕೆಳಗಿನವರಲ್ಲೊಂದು ಸಿಕ್ಕಿದರೆ ನೀರಿನ ಇಳಿಜಾರೇ ಸಿಕ್ಕಿತು. ಒಂದು ಗುರುತು ಮಾತ್ರ ಉಳಿದವುಗಳಿಗಿಂತ ಎತ್ತರ ನಿಂತರೆ ಅದು ಬೇರೆ ವರ್ಷದ್ದು, ಅಥವಾ ಮೋರಿ ಕಟ್ಟಿ ನಿಂತ ನೀರು. ಗುರುತು ಯಾವ ವರ್ಷದ್ದೆಂದು ಆ ಮನೆಯವರಿಂದ ಬರೆಸಿ ಸಹಿ ಹಾಕಿಸಿ.

ಯೋಜನಾ ಸಲಹೆಗಾರ, ಕಾಸರಗೋಡು ಪೇಟೆ:

ಹಿರಿಯರ ಮಾತಿಗೆ ಸ್ವಲ್ಪ ತಕರಾರು. ಗೋಡೆಯ ಗುರುತು ಆಗಿಹೋದ ನೆರೆಯನ್ನು ಹೇಳುತ್ತದೆ, ಮುಂದಿನದ್ದನ್ನಲ್ಲ. ಹೊಳೆಯ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಲೆಕ್ಕ ಹಾಕುವ ಹೆಕ್-ರಾಸ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಮಲಬಾರ್ ಕರಾವಳಿಗೆ, ಅಂದರೆ ಉಪವಲಯ 5ಬಿಗೆ, ಜಲ ಆಯೋಗದ 1992ರ ಪ್ರವಾಹ ಅಂದಾಜು ವರದಿ ಉಂಟು. ಸರಾಸರಿ ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ನೆರೆಯದ್ದು, ನೂರು ವರ್ಷಕ್ಕೊಮ್ಮೆ ಬರುವುದರದ್ದು ಎಂದು ಎರಡು ಗೆರೆ ಎಳೆದುಕೊಟ್ಟರೆ ಯಾರೂ ಪ್ರಶ್ನೆ ಎತ್ತುವುದಿಲ್ಲ.

ನಿವೃತ್ತರು:

ಇಪ್ಪತ್ತು ಸಾವಿರ ಚದರ ಮೀಟರ್ ದಾಟಿದ ಕಟ್ಟಡಕ್ಕೆ, ಪರಿಸರ ಅನುಮತಿಗೆ ಹೋಗುವುದಾದರೆ ಮಾಡಿಸಿ, ಬೇಡ ಅನ್ನಲಿಲ್ಲ. ಅಣ್ಣತಮ್ಮಂದಿರ ಪ್ಲಾಟಿಗೆ ಅಷ್ಟು ಖರ್ಚು ಯಾಕೆ? ಮಾದರಿಗೆ ಹೊಳೆಯ ಅಡ್ಡಕೊಯ್ತ (ಕ್ರಾಸ್ ಸೆಕ್ಷನ್) ಬೇಕು, ನೀರೊಳಗಿನದ್ದೂ ಸೇರಿ. ಅದನ್ನು ಇಳಿದು ಅಳೆಯದೆ ಬರೀ ಕಂಪ್ಯೂಟರಿನಲ್ಲಿ ಓಡಿಸಿದ ಮಾದರಿಯನ್ನು ನಾನು ಬಹಳ ನೋಡಿದ್ದೇನೆ. ಅಡ್ಡಹಲಗೆ ತೆಗೆಯದ ಕಟ್ಟ, ಕಸ ಸಿಕ್ಕಿದ ಮೋರಿ, ಹೆದ್ದಾರಿ ಅಗಲ ಮಾಡುವಾಗ ಎತ್ತರಿಸಿದ ಮಣ್ಣು, ಇದು ಯಾವುದೂ ಅದರಲ್ಲಿ ಇರುವುದಿಲ್ಲ. ಮಾಡಿಸಿದರೂ ಆ ಪಂಪ್‌ಶೆಡ್ಡಿನ ಮೊಳೆಗೆ ತಾಳೆಯಾಗುತ್ತದಾ ಎಂದು ಮೊದಲು ನೋಡಿ.

ಸಲಹೆಗಾರ:

ತಾಳೆ ನೋಡುವುದಕ್ಕೆ ನನ್ನದೂ ಒಪ್ಪಿಗೆ. ನೀರೊಳಗಿನ ಅಳತೆ ಬೇಸಗೆಯಲ್ಲೇ ಮುಗಿಸಬೇಕು, ಅದೂ ನಿಜ.

ಎಣ್ಮಕಜೆಯಿಂದ:

ಫೈಲ್ ಬಗ್ಗೆ ಎರಡು ಮಾತು. ಪಂಚಾಯತಿನ ಅರ್ಜಿಗಳು 2025ರ ಏಪ್ರಿಲಿನಿಂದ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಹೋಗುತ್ತವೆ. ಪಿ.ಡಿ.ಎಫ್. ಕೊಟ್ಟರೂ ಮೂಲ ಡ್ರಾಯಿಂಗ್ ಕೇಳಿ ತೆಗೆದಿಟ್ಟುಕೊಳ್ಳಿ, ಶೇಪ್ ಫೈಲ್ (ಕಂಪ್ಯೂಟರ್ ನಕ್ಷೆಯ ಫೈಲ್) ಆದರೆ ಅದರ ನಾಲ್ಕೂ ತುಂಡು ಒಟ್ಟಿಗೆ, ಮುಖ್ಯವಾಗಿ ಪಿ.ಆರ್.ಜೆ. ಎಂಬುದು. ಅದಿಲ್ಲದಿದ್ದರೆ ಯಾವ ವಲಯದ ಅಂಕಿ ಎಂದು ಗೊತ್ತಾಗುವುದಿಲ್ಲ. ಡಿಜಿಟಲ್ ಮರುಸರ್ವೆ ಆದ ಗ್ರಾಮವಾದರೆ ಹಳೆ ನಂಬರ್, ಹೊಸ ನಂಬರ್ ಎರಡೂ ಬರೆಯಿರಿ. ಜಾಗದ ದಾಖಲೆಯ 'ಎಂಡೆ ಭೂಮಿ' ಪೋರ್ಟಲ್ ಶುರುವಾದದ್ದೇ ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರಿನಿಂದ, ಹಾಗಾಗಿ ನಿಮ್ಮ ಕಡೆ ಗೊಂದಲ ಹೆಚ್ಚೇ ಇರಬಹುದು. ಅರ್ಜಿ ಕನ್ನಡದಲ್ಲಿ ಕೊಡಲಿಕ್ಕೆ ನಮಗೆ ಹಕ್ಕುಂಟು, ನಾನು ಕೊಟ್ಟದ್ದು ಕನ್ನಡದಲ್ಲೇ. ನಕ್ಷೆಯ ಸೂಚಿಯನ್ನು ಮಾತ್ರ ಕನ್ನಡ, ಮಲಯಾಳ ಎರಡರಲ್ಲೂ ಹಾಕಿಸಿದೆ. ಸ್ಥಳ ನೋಡಲಿಕ್ಕೆ ಬಂದವರಿಗೆ ತೋಡು ಯಾವುದು, ದಾರಿ ಯಾವುದು ಎಂದು ಕೈ ತೋರಿಸುತ್ತಾ ನಿಲ್ಲಬೇಕಾಗಲಿಲ್ಲ.

ಪ್ರಶ್ನೆ ಕೇಳಿದವರು:

ಪಂಪ್‌ಶೆಡ್ ಈಗಲೇ ನೋಡಿ ಬಂದೆ. ಒಳಗೋಡೆಯಲ್ಲಿ ಗೆರೆ ಉಂಟು. ಕೊನೆಯ ಪ್ರಶ್ನೆ: ತೋಟದ ಮೇಲಂಚಿನಲ್ಲಿ ದಾರಿಗೆ ಮಣ್ಣು ತುಂಬಿಸಬೇಕು. ಅದನ್ನೂ ನಕ್ಷೆಯಲ್ಲಿ ತೋರಿಸಬೇಕಾ?

ಸರ್ವೆಯವರು, ಉಪ್ಪಳ:

ತೋರಿಸಲೇಬೇಕು. ಈಗಿನ ಲೆವೆಲ್ ಒಂದು ಬಣ್ಣದಲ್ಲಿ, ತುಂಬಿಸಿದ ಮೇಲಿನದ್ದು ಇನ್ನೊಂದರಲ್ಲಿ, ಜೊತೆಗೆ ಉದ್ದಕೊಯ್ತ (ದಾರಿಯುದ್ದಕ್ಕೂ ಏರಿಳಿತ ತೋರಿಸುವ ಚಿತ್ರ). ದಾರಿ ಅಡ್ಡ ಬಂದು ಮೇಲಿನವರ ನೀರು ನಿಲ್ಲುವುದಿಲ್ಲ ಎಂದು ಮೋರಿಯ ಅಗಲ, ತಳದ ಲೆವೆಲ್ ಎರಡನ್ನೂ ಬರೆದು ತೋರಿಸಿ. ದಾರಿಯ ಜಾಗ ದಾಖಲೆಯಲ್ಲಿ ನಂಜ ಆಗಿದ್ದರೆ ಮೊದಲು ಬದಿಯಡ್ಕದವರು ಹೇಳಿದ ಫಾರ್ಮ್, ಐವತ್ತು ಸೆಂಟ್ಸ್ ಮೀರಿದರೆ ಹತ್ತರಲ್ಲೊಂದು ಪಾಲು ನೀರಿನ ಸಂರಕ್ಷಣೆಗೆ ಬಿಡಬೇಕು. ಆ ಪಾಲನ್ನು ಗದ್ದೆಯ ಕಡೆಗೆ ತಾಗಿಸಿಯೇ ಗುರುತಿಸಿ, ನೀರು ಹೇಗೂ ಅಲ್ಲಿಗೇ ಇಳಿಯುತ್ತದೆ. ಗೆರೆಗೆ ಮೊಳೆ ಹೊಡೆದಿಡಿ, ಈ ಮಳೆಗಾಲದ ಮೊದಲು ಆ ಗೋಡೆಗೆ ಸುಣ್ಣ ಬಳಿಯಬೇಡಿ.